ಖಾಲಿ ಎಂದವರು

ಆ ಗಳಿಗೆಯಲ್ಲಿ ನನ್ನ ಕತ್ತು ಹಿಂದಕ್ಕೆ ತಿರುಗಿತ್ತು. ಬೇರೆ ಯಾವುದರ ಬಗ್ಗೆ ಅನುಮಾನ ಬಂದರೂ ಇದರ ಬಗ್ಗೆ ನನಗೆ ಅನುಮಾನವಿಲ್ಲ. ಮಂಜಿನಲ್ಲಿ ಎರಡು ಹಳದಿ ದೀಪಗಳು, ಅವುಗಳ ಮೇಲೆ ಗಾಜು, ಗಾಜಿನ ಮೇಲೆ ಅತ್ತಿತ್ತ ಆಡುತ್ತಿದ್ದ ಒಂದೇ ವೈಪರ್, ಅದರಾಚೆ ಗೋಣಿಚೀಲಗಳ ಗುಡ್ಡೆ. ಇಷ್ಟನ್ನು ಕಂಡಿದ್ದೆ. ಮುಂದಕ್ಕೆ ತಿರುಗಿ ಕೂಗಬೇಕು ಎಂದು ಉಸಿರು ಎಳೆದುಕೊಂಡಿದ್ದೆ. ಅಷ್ಟರಲ್ಲಿ ಮುಂದಿನಿಂದ "ಖಾಲಿ" ಎಂಬ ದನಿ ಬಂತು.

ಈಗ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿರುವಾಗ ಒಮ್ಮೆಲೇ ಹಿಂದಕ್ಕೆ ತಿರುಗುತ್ತೇನೆ. ಯಾರು ಮಾತಾಡಿದ್ದಕ್ಕೆ ಟೀಚರ್ ತಿರುಗಿದರು ಎಂದು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಯಾರೂ ಮಾತಾಡಿರುವುದಿಲ್ಲ. ನಾನು ಮತ್ತೆ ಬೋರ್ಡಿಗೆ ತಿರುಗಿ, ಬರೆದಷ್ಟನ್ನು ಮೊದಲಿನಿಂದ ಓದಿಕೊಂಡು ಮುಂದುವರಿಸುತ್ತೇನೆ.

ಶಿಕಾರಿಪುರದಲ್ಲಿ ನಮ್ಮದೊಂದು ಓಟದ ಕ್ಲಬ್ಬು. ಕ್ಲಬ್ಬು ಎಂದರೆ ಕಚೇರಿ, ಬೋರ್ಡು, ರಸೀದಿ ಪುಸ್ತಕ ಯಾವುದೂ ಇಲ್ಲ. ನಲವತ್ತೈದು ದಾಟಿದ ಏಳೆಂಟು ಜನ, ಒಂದು ವಾಟ್ಸಾಪ್ ಗುಂಪು, ಬೆಳಗಿನ ಐದೂವರೆಗೆ ಬಸ್ ಸ್ಟ್ಯಾಂಡಿನ ಹಿಂದೆ ಸೇರುವ ಅಭ್ಯಾಸ, ಅಷ್ಟೇ. ಇದನ್ನು ಶುರು ಮಾಡಿದವರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವವರು. ಅವರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತೇವೆ. ಹತ್ತು ವರ್ಷದ ಹಿಂದೆ, ಸಕ್ಕರೆ ಕಾಯಿಲೆ ಅಂಚಿಗೆ ಬಂದಿದೆ ಎಂದು ಡಾಕ್ಟರು ಹೆದರಿಸಿದ ಮೇಲೆ, ಸೀರೆ ಉಟ್ಟು ಚಪ್ಪಲಿ ಹಾಕಿಕೊಂಡು ಒಬ್ಬಳೇ ವಾಕಿಂಗ್ ಹೋಗುತ್ತಿದ್ದ ನನ್ನನ್ನು ನಿಲ್ಲಿಸಿ, "ಟೀಚರ್, ಇಷ್ಟು ಜೋರು ನಡೀತೀರಿ, ಇನ್ನೊಂಚೂರು ಜೋರು ಮಾಡಿದ್ರೆ ಅದೇ ಓಟ ಆಗ್ತದೆ" ಎಂದವರು ಅವರು. ಮೊದಲ ಜೊತೆ ಶೂಗಳನ್ನು ಶಿವಮೊಗ್ಗದಿಂದ ಆರಿಸಿ ತಂದುಕೊಟ್ಟವರೂ ಅವರೇ. ಚೂಡಿದಾರದಲ್ಲಿ ಓಡಿದ ಮೊದಲ ವಾರ ರಸ್ತೆಯಲ್ಲಿ ಯಾರೋ ಶಿಳ್ಳೆ ಹೊಡೆದಾಗ, ಓಡುವುದನ್ನು ನಿಲ್ಲಿಸಿ ಹೋಗಿ ಅವನ ಮುಂದೆ ನಿಂತು, "ಏನಪ್ಪಾ, ನೀನೂ ಬರ್ತೀಯ? ಬಾ, ಎಂಟು ಕಿಲೋಮೀಟರ್ ಐತಿ" ಎಂದಿದ್ದರು. ಇದನ್ನೆಲ್ಲ ಬರೆಯಲೇಬೇಕು. ಬರೆಯದಿದ್ದರೆ ಆಮೇಲೆ ಆದದ್ದರ ಭಾರ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ವೇಗದವರು ಈಸೂರಿನ ಒಬ್ಬ ರೈತರು. ಐವತ್ತೇಳು ವರ್ಷ. ತೆಳ್ಳಗೆ, ಕಪ್ಪಗೆ, ಓಡುವಾಗ ಹೆಜ್ಜೆ ಸದ್ದೇ ಇಲ್ಲ. ಅವರೂ ಸಾವ್ಕಾರ್ರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ನಾನು ಅವರನ್ನು ಈಸೂರಣ್ಣ ಎನ್ನುತ್ತೇನೆ. "ಈಸೂರಿನೋರು ಬ್ರಿಟಿಷರಿಗೇ ಹೆದರಲಿಲ್ಲ, ಈ ನಾಯಿಗೆ ಹೆದರ್ತೀರಲ್ಲ" ಎಂದು ಬೀದಿನಾಯಿ ಅಟ್ಟಿಬಂದಾಗ ಸಾವ್ಕಾರ್ರು ರೇಗಿಸಿದರೆ, "ಬ್ರಿಟಿಷರು ಕಚ್ತಿರಲಿಲ್ಲ ಮಾರಾಯ" ಎಂದು ನಮ್ಮ ಹಿಂದೆ ಬಂದು ನಿಲ್ಲುವವರು.

ಸುತ್ತಿನ ಊರುಗಳಲ್ಲಿ ಎಲ್ಲಿ ಓಟದ ಸ್ಪರ್ಧೆ ಆದರೂ ನಾವು ಮೂವರು ಹೋಗುತ್ತಿದ್ದೆವು. ಸೊರಬ, ಆನವಟ್ಟಿ, ಕೆಲವೊಮ್ಮೆ ದಾವಣಗೆರೆಯ ಕಡೆಗೆ. ಹಿರಿಯರ ವಿಭಾಗದಲ್ಲಿ ಈಸೂರಣ್ಣ ಮೊದಲು, ಸಾವ್ಕಾರ್ರು ಎರಡನೆಯವರು. ಇದು ಎಷ್ಟು ಖಚಿತ ಎಂದರೆ ಸಾವ್ಕಾರ್ರ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡನೇ ಬಹುಮಾನದ ಕಪ್ಪುಗಳು ಸಾಲಾಗಿ ನಿಂತಿದ್ದವು. ನನ್ನ ವಿಭಾಗದಲ್ಲಿ ನಾನು, ಸೊರಬದ ಒಬ್ಬ ನರ್ಸು, ಇಬ್ಬರೇ. ಆಕೆ ಬಾರದ ದಿನ ಸಂಘಟಕರು ನನ್ನೊಬ್ಬಳಿಗೆ ಮೊದಲ ಬಹುಮಾನ ಕೊಡಬೇಕೋ ಬೇಡವೋ ಎಂದು ಮೈಕಿನ ಹಿಂದೆ ಪಿಸುಗುಡುತ್ತಿದ್ದರು. ಒಮ್ಮೆ ಸ್ಟೀಲಿನ ಕೊಡ ಕೊಟ್ಟರು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಾಗ ಕಂಡಕ್ಟರು, "ಯಾರ ಮದುವೆ ಮೇಡಂ?" ಎಂದು ಕೇಳಿದ್ದರು.

ನಮ್ಮ ರಸ್ತೆಗಳ ಒಂದು ಕಷ್ಟ ಹೇಳಬೇಕು. ದೀಪಾವಳಿ ಕಳೆಯಿತೆಂದರೆ ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಬಂದು ಮಲಗುತ್ತದೆ. ಅಷ್ಟು ಕಾಳು ಹರವಲು ಕಣ ಎಲ್ಲಿದೆ? ಬಿಸಿಲಿಗೆ ಕಾದ ಡಾಂಬರಿಗಿಂತ ಒಳ್ಳೆಯ ಕಣ ಇನ್ನೊಂದಿಲ್ಲ. ರಾತ್ರಿ ರಾಶಿ ಮಾಡಿ ತಾಡಪಾಲು ಹೊದಿಸಿ, ಗಾಡಿಗಳು ಹತ್ತದಿರಲೆಂದು ಅಂಚಿಗೆ ಕಲ್ಲು ಸಾಲು ಇಡುತ್ತಾರೆ. ಈಸೂರಣ್ಣ ತಾವೂ ಹಾಗೇ ಹರವುವವರು. ಅಂಚಿನಲ್ಲಿ ಓಡುವವರು ಇಂಥ ರಾಶಿ ಬಂದಾಗಲೆಲ್ಲ ರಸ್ತೆಯ ನಡುವಿಗೆ ಬಂದು ಸುತ್ತು ಹಾಕಲೇಬೇಕು. ಹಿಂದಿನಿಂದ ಗಾಡಿ ಬರುತ್ತಿದೆಯೋ ಇಲ್ಲವೋ ಎಂದು ಪ್ರತಿಯೊಬ್ಬರೂ ಪ್ರತಿ ರಾಶಿಗೂ ತಿರುಗಿ ನೋಡಿದರೆ ಕತ್ತೂ ನೋಯುತ್ತದೆ, ಓಟದ ಲಯವೂ ಕೆಡುತ್ತದೆ.

ಅದಕ್ಕೆ ನಮ್ಮ ಕ್ಲಬ್ಬಿನಲ್ಲಿ ಒಂದು ಕ್ರಮ ಇತ್ತು. ಸಾಲಾಗಿ ಓಡುವಾಗ ರಾಶಿ ಕಂಡ ಕೂಡಲೇ ಎಲ್ಲರಿಗಿಂತ ಮುಂದಿರುವವರು ಎಡಗೈ ಎತ್ತುತ್ತಾರೆ. ಎಲ್ಲರಿಗಿಂತ ಹಿಂದಿರುವವರು ತಿರುಗಿ ನೋಡಿ, ರಸ್ತೆ ಬರಿದಾಗಿದ್ದರೆ "ಖಾಲಿ" ಎಂದೂ, ಗಾಡಿ ಇದ್ದರೆ "ಬಂತು" ಎಂದೂ ಕೂಗುತ್ತಾರೆ. ನಡುವಿನವರು ಅದನ್ನು ಹಾಗೇ ಮುಂದಕ್ಕೆ ದಾಟಿಸುತ್ತಾರೆ. "ಬಂತು" ಎಂದರೆ ಎಲ್ಲರೂ ರಾಶಿಯ ಹಿಂದೆ ನಿಂತು ಗಾಡಿ ಹೋಗುವವರೆಗೆ ಅಲ್ಲೇ ಕಾಲು ಕುಣಿಸುತ್ತೇವೆ. "ಖಾಲಿ" ಎಂದರೆ ಮುಂದಿನವರು ತಿರುಗಿ ನೋಡದೆ ರಸ್ತೆಯ ನಡುವಿಗೆ ಹೋಗುತ್ತಾರೆ. ತಿರುಗಿ ನೋಡದಿರುವುದೇ ಇದರ ಪ್ರಾಣ. ಸ್ಪರ್ಧೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಓಡುವಾಗಲೂ ಕೂಗು ಮಾತ್ರ ತಪ್ಪಬಾರದು ಎಂದು ಸಾವ್ಕಾರ್ರೇ ಹೇಳಿಕೊಟ್ಟಿದ್ದರು. ನಾನು ನಿಧಾನದವಳಾದ್ದರಿಂದ ಹಿಂದೆ ನೋಡುವ ಕೆಲಸ ಹೆಚ್ಚು ಕಡಿಮೆ ನನ್ನದೇ ಆಗಿತ್ತು. "ನಮ್ಮ ಕ್ಲಬ್ಬಿಗೆ ಬೆನ್ನಲ್ಲಿ ಕಣ್ಣು ಅಂದ್ರೆ ಟೀಚರು" ಎನ್ನುತ್ತಿದ್ದರು ಈಸೂರಣ್ಣ. ಆ ಮಾತು ಕೇಳಿದಾಗ ನನಗೆ ಆಗುತ್ತಿದ್ದ ಹೆಮ್ಮೆ ಸ್ಟೀಲಿನ ಕೊಡಕ್ಕೂ ಆಗಿರಲಿಲ್ಲ.

ಆನವಟ್ಟಿಯ ಆ ಭಾನುವಾರ ಹತ್ತು ಕಿಲೋಮೀಟರ್ ಓಟ. ಐದು ಹೋಗಿ ಐದು ವಾಪಸ್. ಬೆಳಗ್ಗೆ ಏಳಕ್ಕೂ ಮಂಜು ಎದ್ದಿರಲಿಲ್ಲ. ಸಂಘಟಕರಲ್ಲೊಬ್ಬರು ಮೈಕು ಹಿಡಿದು, "ಎಲ್ಲರೂ ನಿಮ್ಮ ನಿಮ್ಮ ಎಡಕ್ಕೇ ಓಡಿ ಮಾರಾಯ್ರೇ, ಬಲಕ್ಕೆ ಹೋದ್ರೆ ಎದುರು ಬರೋರಿಗೆ ಹೋಗಿ ಡಿಕ್ಕಿ ಹೊಡೀತೀರಿ" ಎಂದು ಹತ್ತು ಸಲ ಹೇಳಿದರು. ರಸ್ತೆ ಮುಚ್ಚಿರಲಿಲ್ಲ. ನಮ್ಮ ಕಡೆ ಯಾರೂ ಮುಚ್ಚುವುದಿಲ್ಲ.

ಆ ದಿನ ನನ್ನ ಕಾಲು ಚೆನ್ನಾಗಿ ಬಂದಿತ್ತು. ತಿರುವಿನ ನಂತರವೂ ಅವರಿಬ್ಬರ ಬೆನ್ನು ನನಗೆ ಕಾಣುತ್ತಲೇ ಇತ್ತು. ಎಂದೂ ಹಾಗೆ ಆಗಿರಲಿಲ್ಲ. ಈಸೂರಣ್ಣ ಮುಂದೆ, ಎರಡು ಹೆಜ್ಜೆ ಹಿಂದೆ ಸಾವ್ಕಾರ್ರು, ಇಪ್ಪತ್ತು ಹೆಜ್ಜೆ ಹಿಂದೆ ನಾನು. ಸಾವ್ಕಾರ್ರ ಓಟದಲ್ಲಿ ಅಂದು ಬೇರೆಯೇ ಹಟ ಇತ್ತು. ಈಸೂರಣ್ಣನ ಉಸಿರು ಜೋರಾಗಿದ್ದುದು ನನಗೇ ಕೇಳುತ್ತಿತ್ತು. ಸಾವ್ಕಾರ್ರಿಗೆ ಕೇಳದೆ ಇರುತ್ತದೆಯೇ? ಇವತ್ತು ಸಾಲು ಬದಲಾಗುತ್ತದೆ ಎಂದು ನನಗೂ ಅನ್ನಿಸಿತ್ತು, ಮತ್ತು ಒಳಗೊಳಗೇ ಸಂತೋಷವೂ ಆಗಿತ್ತು. ಅಷ್ಟು ವರ್ಷ ಎರಡನೆಯವರಾಗಿದ್ದವರು ಒಮ್ಮೆ ಗೆಲ್ಲಲಿ ಎಂದು.

ದಾರಿಯಲ್ಲಿ ಐದು ರಾಶಿ ದಾಟಿದೆವು. ಐದಕ್ಕೂ ಈಸೂರಣ್ಣ ಕೈ ಎತ್ತಿದರು, ನಾನು ನೋಡಿದೆ, ಕೂಗಿದೆ, ಸಾವ್ಕಾರ್ರು ದಾಟಿಸಿದರು. ಆರನೆಯದು ಊರಿಗೆ ಇನ್ನು ಎರಡು ಕಿಲೋಮೀಟರ್ ಇರುವಾಗ ಬಂತು. ಉದ್ದನೆಯ ರಾಶಿ, ನೀಲಿ ತಾಡಪಾಲು. ಒಂದು ತುದಿಯಲ್ಲಿ ಒಬ್ಬ ಹೆಂಗಸು ಆಗಲೇ ಕಲ್ಲು ತೆಗೆದು ಕಾಳು ಹರವುತ್ತಿದ್ದಳು. ಕೈ ಎದ್ದಿತು. ನಾನು ತಿರುಗಿದೆ. ಹಳದಿ ದೀಪ ಕಂಡಿತು. "ಖಾಲಿ" ಎಂದು ಕೇಳಿತು.

ಅದು ಸಾವ್ಕಾರ್ರ ದನಿ. ನಾನು ಮುಂದಕ್ಕೆ ತಿರುಗಿದಾಗ ಅವರ ಕತ್ತು ನೆಟ್ಟಗೆ ಮುಂದಕ್ಕೇ ಇತ್ತು. ನನ್ನ ಕೂಗಿಗೆ ಕಾಯಲಿಲ್ಲ, ತಾವೂ ನೋಡಲಿಲ್ಲ. "ಬಂತು!" ಎಂದು ನಾನು ಕಿರುಚಿದೆ. ಈಸೂರಣ್ಣನ ಬಲಗಾಲು ಆಗಲೇ ಕಲ್ಲುಸಾಲಿನಿಂದ ಹೊರಗೆ ಹೋಗಿತ್ತು.

ಆ ಸದ್ದನ್ನು ವರ್ಣಿಸಲು ಹೋಗುವುದಿಲ್ಲ. ಪಿಕಪ್ ಗಾಡಿಯ ಎಡಮೂಲೆ ತಗುಲಿ ಅವರು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಮೆಕ್ಕೆಜೋಳದ ಮೇಲೆ ಬಿದ್ದರು. ಕಾಳು ಜರಿದು ಅವರ ಮೈಯನ್ನು ಸೊಂಟದವರೆಗೆ ಮುಚ್ಚಿತು. ಡಾಂಬರಿನ ಮೇಲೆ ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಒಂದು ಶೂ ಕಾಲಿನಲ್ಲಿ ಇರಲಿಲ್ಲ. ತೊಡೆ ಇರಬಾರದ ಕಡೆಗೆ ಬಾಗಿತ್ತು. ಅವರ ಕೈ ಮಾತ್ರ ಕಾಳನ್ನು ಬಳಿದು ಬಳಿದು ಗುಡ್ಡೆ ಮಾಡುತ್ತಿತ್ತು, ಚೆಲ್ಲಿದ್ದನ್ನು ಒಟ್ಟುಮಾಡುವವರ ಹಾಗೆ.

ಡ್ರೈವರು ಇಳಿದು ಬಾಗಿಲು ಹಿಡಿದುಕೊಂಡೇ ನಿಂತ. "ಎಂತ ಮಾಡ್ಲಿ ಮಾರಾಯ್ರೇ, ಕಣ್ಣೆದುರೇ ಅಡ್ಡ ಬಂದ್ಬಿಟ್ರು. ಎಂತ ಮಾಡ್ಲಿ ನಾನು" ಎಂದು ಅದನ್ನೇ ಹೇಳುತ್ತಿದ್ದ. ಕಾಳು ಹರವುತ್ತಿದ್ದ ಹೆಂಗಸು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಈಸೂರಣ್ಣನ ತಲೆಗೆ ಒತ್ತಿ ಹಿಡಿದು, "ನನ್ ಜ್ವಾಳದ ದೆಸೆಯಿಂದ ಆತಲ್ಲಪ್ಪಾ" ಎಂದು ಅಳುತ್ತಿದ್ದಳು.

ಸಾವ್ಕಾರ್ರು ನಿಂತಿದ್ದರು. ರಾಶಿಯ ಈಚೆಗೆ, ಗಾಡಿಯಿಂದ ಒಂದೂವರೆ ಮಾರು ದೂರದಲ್ಲಿ. ಅವರ ಮುಖದ ಬಣ್ಣ ಹೋಗಿತ್ತು. ನನ್ನನ್ನು ನೋಡಿದರು, ಬಿದ್ದವರನ್ನು ನೋಡಿದರು. "ನಾನು ಹೋಗಿ ಹೇಳ್ತೀನಿ, ಅಲ್ಲಿ ಆಂಬುಲೆನ್ಸ್ ಐತಿ" ಎಂದರು. ಡ್ರೈವರನ ಕೈಯಲ್ಲಿ ಮೊಬೈಲ್ ಇತ್ತು. ನನ್ನ ಸೊಂಟದ ಚೀಲದಲ್ಲೂ ಇತ್ತು. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಓಡಿಬಿಟ್ಟಿದ್ದರು. ಮಂಜಿನಲ್ಲಿ ಅವರ ಬೆನ್ನು ಮರೆಯಾಗುವವರೆಗೂ ನೋಡಿದೆ. ಗಾಬರಿಯಾದವರು ಹೇಗೆ ಓಡುತ್ತಾರೋ ಹಾಗೆ ಓಡುತ್ತಿರಲಿಲ್ಲ. ಕೊನೆಯ ಎರಡು ಕಿಲೋಮೀಟರ್ ಹೇಗೆ ಓಡಬೇಕು ಎಂದು ನಮಗೆ ಕಲಿಸಿದ್ದರೋ ಹಾಗೆ ಓಡುತ್ತಿದ್ದರು.

ನಾನು ಫೋನು ಮಾಡಿದೆ. ಆಂಬುಲೆನ್ಸ್ ಬರುವುದು ತಡವಾಗುತ್ತದೆಂದು ತಿಳಿದು ಡ್ರೈವರು, ಆ ಹೆಂಗಸು, ನಾನು ಮೂವರೇ ಗಾಡಿಯಲ್ಲಿದ್ದ ಶುಂಠಿ ಚೀಲಗಳನ್ನು ಕೆಳಗೆಸೆದು, ತಾಡಪಾಲಿನಲ್ಲಿ ಅವರನ್ನು ಎತ್ತಿ ಅದೇ ಪಿಕಪ್ಪಿನಲ್ಲಿ ಮಲಗಿಸಿದೆವು. ನಾನು ಅವರ ತಲೆ ಹಿಡಿದುಕೊಂಡು ಕುಳಿತೆ. ಊರಿನ ಹತ್ತಿರ ಬರುವಾಗ ಎದುರಿಗೆ ಬೈಕಿನ ಹಿಂದೆ ಕುಳಿತು ಸಾವ್ಕಾರ್ರು ಬಂದರು. ಕೈ ಬೀಸಿ ಗಾಡಿ ನಿಲ್ಲಿಸಿದರು. ಅವರ ಕೊರಳಲ್ಲಿ ಪದಕ ಇತ್ತು. ಗೆರೆ ದಾಟಿದವರಿಗೆಲ್ಲ ಅಲ್ಲೇ ನಿಂತು ಹಾಕುತ್ತಾರೆ, ಹಾಕಿಸಿಕೊಂಡದ್ದು ಅವರಿಗೇ ಗೊತ್ತಿರಲಿಲ್ಲವೇನೋ ಎಂದು ಆಗ ನಾನು ಸಮಾಧಾನ ಮಾಡಿಕೊಂಡೆ. ಆದರೆ ಗಾಡಿ ಹತ್ತುವ ಮುಂಚೆ ಅವರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿದರು. ನಾಲ್ಕು ಪಕ್ಕೆಲುಬು ಮುರಿದಿದ್ದವು. ಸಂಜೆಯವರೆಗೂ ನಾನು ಅಲ್ಲೇ ಇದ್ದೆ. ಈಸೂರಣ್ಣನ ಹೆಂಡತಿ ಬಂದ ಕೂಡಲೇ ನನ್ನ ಭುಜಕ್ಕೆ ಒರಗಿ ಅತ್ತರು. ಆಮೇಲೆ ನಾನು ಅವರಿಗೆ ಬಟ್ಟೆ, ಫ್ಲಾಸ್ಕು ತರಲು ಪೇಟೆಗೆ ಹೋಗಿ ಬಂದೆ. ಬರುವ ಹೊತ್ತಿಗೆ ಅವರು ಬೆಂಚಿನ ಆ ತುದಿಗೆ ಸರಿದು ಕುಳಿತಿದ್ದರು, ಪಕ್ಕದಲ್ಲಿ ಸಾವ್ಕಾರ್ರು. ಫ್ಲಾಸ್ಕು ಕೊಟ್ಟೆ. ಇಸಿದುಕೊಂಡು ಮುಖ ಆ ಕಡೆ ತಿರುಗಿಸಿದರು. ದಣಿದಿದ್ದಾರೆ ಎಂದುಕೊಂಡೆ.

ಮುಂದಿನ ಮೂರು ವಾರ ವಾಟ್ಸಾಪ್ ಗುಂಪಿನವರು ನನಗೆ ಒಬ್ಬೊಬ್ಬರಾಗಿ ಸಂದೇಶ ಕಳಿಸಿದರು. "ಧೈರ್ಯವಾಗಿರಿ ಟೀಚರ್." "ಮನುಷ್ಯರಲ್ವಾ, ಆಗ್ತದೆ, ಬಿಡಿ." "ನಿಮ್ಮನ್ನ ಯಾರೂ ಏನೂ ಅನ್ನಲ್ಲ." ಕಣ್ಣೆದುರು ಅಪಘಾತ ನೋಡಿದ ಹೆಂಗಸಿಗೆ ಹೇಳುವ ಸಮಾಧಾನ ಎಂದು ನಾನು ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಕಳಿಸಿದೆ. ಈಗ ಅವನ್ನು ತೆಗೆದು ಓದಿದರೆ ಮೈ ಉರಿಯುತ್ತದೆ. ನಾನು ಕೈಮುಗಿದು ಒಪ್ಪಿಕೊಂಡಂತೆ ಆಯಿತಲ್ಲ.

ಈಸೂರಣ್ಣನನ್ನು ಮನೆಗೆ ಕರೆತಂದ ಮೇಲೆ ಈಸೂರಿಗೆ ಹೋದೆ. ಆ ಮನೆಗೆ ಹೋದರೆ ಹಿಂದೆಲ್ಲ ನಾನು ಕೂರುವ ಮುಂಚೆ ತಟ್ಟೆಯಲ್ಲಿ ಮಂಡಕ್ಕಿ ಬರುತ್ತಿತ್ತು, ಬೇಡ ಎಂದರೆ ಬೈಗುಳ ಬರುತ್ತಿತ್ತು. ಆ ದಿನ ಅವರ ಹೆಂಡತಿ ಒಂದು ಲೋಟ ನೀರು ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದರು. ಜಗಲಿಯಲ್ಲಿ ಮಂಚದ ಮೇಲೆ ಈಸೂರಣ್ಣ, ಕಾಲ ಕೆಳಗೆ ಎರಡು ದಿಂಬು. ಕಾಲು, ಡಾಕ್ಟರು, ವ್ಯಾಯಾಮ ಎಂದು ಮಾತಾಡಿದೆವು. ಸಾವ್ಕಾರ್ರು ವಾರಕ್ಕೆ ಮೂರು ದಿನ ತಮ್ಮ ಕಾರಿನಲ್ಲೇ ಶಿಕಾರಿಪುರಕ್ಕೆ ಕರೆದೊಯ್ದು ಕಾಲಿನ ವ್ಯಾಯಾಮ ಮಾಡಿಸಿಕೊಂಡು ಬರುತ್ತಾರೆ ಎಂದರು. ಒಳ್ಳೆಯದಾಯಿತು ಎಂದೆ. ಮನಸ್ಸಿನಿಂದಲೇ ಹೇಳಿದೆ.

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಂಡರು.

"ಮೇಡಂ, ತಪ್ಪು ಯಾರಿಂದಾದ್ರೂ ಆಗ್ತೈತಿ. ನಾ ಏನೂ ಮನಸ್ಸಿಗೆ ಹಚ್ಕಂಡಿಲ್ಲ. ನೀವೂ ಹಚ್ಕಬ್ಯಾಡ್ರಿ."

"ಯಾವ ತಪ್ಪು?" ಎಂದೆ.

ಬಾಗಿಲ ಹಿಂದೆ ನಿಂತಿದ್ದ ಅವರ ಹೆಂಡತಿ ಹೊರಗೆ ಬಂದರು. "ನಾ ಸುಮ್ಕಿರಾಣ ಅಂದ್ಕಂಡಿದ್ದೆ. ಹಿಂದ್ ನೋಡಾದು ಒಂದೇ ಕೆಲ್ಸ ಇತ್ತಂತಲ್ರಿ ನಿಮ್ದು? ಖಾಲಿ ಅಂದ್ರಂತಲ್ಲ? ಅಷ್ಟು ದೊಡ್ ಗಾಡಿ ಕಣ್ಣಿಗೆ ಬೀಳ್ಲಿಲ್ವಾ?"

"ಖಾಲಿ ಅಂದದ್ದು ನಾನಲ್ಲ."

"ಹಂಗಾರೆ ಸಾವ್ಕಾರ್ರು ಸುಳ್ಳು ಹೇಳ್ತಾರಾ? ಆಸ್ಪತ್ರೆ ಬೆಂಚ್ ಮ್ಯಾಲೆ ಕುಂತು ಮಕ್ಳಂಗೆ ಅತ್ರು ಅವರು. ಟೀಚರ್ ಖಾಲಿ ಅಂದ್ರು, ನಂಬಿ ದಾಟಿಸ್ಬಿಟ್ಟೆ ತಂಗೀ ಅಂತ."

ಈಸೂರಣ್ಣ, "ಏ, ಸುಮ್ನಿರೇ" ಎಂದು ಹೆಂಡತಿಯನ್ನು ಗದರಿದರು. ನಾನು ಅವರ ಕಡೆ ತಿರುಗಿದೆ. "ನಾನು ಬಂತು ಅಂದೆ. ನಾನು ಕೂಗೋಕೆ ಮುಂಚೆನೇ ಅವರು ಖಾಲಿ ಅಂದ್ರು. ನಿಮಗೆ ಏನಾದ್ರೂ ಕೇಳಿಸ್ತಾ?"

"ನಂಗೇನೂ ನೆನಪಿಲ್ರೀ ಮೇಡಂ. ಕೈ ಎತ್ತಿದ್ದಷ್ಟೇ ಗ್ಯಾಪ್ಕ" ಎಂದು ಅವರು ಕಣ್ಣು ಮುಚ್ಚಿಕೊಂಡರು.

ಬಸ್ಸಿನಲ್ಲಿ ಬರುವಾಗ ಅರ್ಥವಾಯಿತು. ನಮ್ಮ ಕ್ರಮದಲ್ಲಿ ಮುಂದಿನವರಿಗೆ ಕೇಳಬೇಕಾದದ್ದು ನಡುವಿನವರ ದನಿ. ಅದು ಹಿಂದಿನಿಂದ ಬಂದ ಮಾತೋ ನಡುವೆಯೇ ಹುಟ್ಟಿದ ಮಾತೋ ಎಂದು ತಿಳಿದವರು ಇಬ್ಬರೇ. ಒಬ್ಬರು ಅತ್ತು ಹೇಳಿಯಾಗಿತ್ತು. ಇನ್ನೊಬ್ಬಳಾದ ನಾನು ಮೂರು ವಾರ ತಡವಾಗಿ ಹೇಳಿದ್ದೆ.

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಬಟ್ಟೆ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಒಂದು ಕುಟುಂಬ ಸೀರೆ ಆರಿಸುತ್ತಿತ್ತು. ಸಾವ್ಕಾರ್ರು ನನ್ನನ್ನು ಕಂಡು ಮೀಟರು ಕೋಲು ಕೆಳಗಿಟ್ಟು ಒಳಕೋಣೆಗೆ ಬಂದರು. ಕಪಾಟಿನಲ್ಲಿ ಹೊಸದೊಂದು ಕಪ್ಪು ಬಂದಿತ್ತು. ಉಳಿದವುಗಳಿಗಿಂತ ಗೇಣು ಎತ್ತರ. ಮುಂದಿನ ಸಾಲಿನಲ್ಲಿ ಇಟ್ಟಿರಲಿಲ್ಲ, ಆದರೆ ಇಟ್ಟಿದ್ದರು.

"ನೀವು ಕತ್ತು ತಿರುಗಿಸಿದ್ರಾ?" ಎಂದು ಕೇಳಿದೆ.

"ಕೂತ್ಕೊಳ್ರಿ ಟೀಚರ್. ಚಾ ತರಿಸ್ತೀನಿ."

"ಕತ್ತು ತಿರುಗಿಸಿದ್ರಾ?"

ಅವರು ಒಂದು ಬಟ್ಟೆಯನ್ನು ಮಡಚಿದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು. "ಐದು ರಾಶಿಗೂ ಖಾಲಿ ಅಂದಿದ್ರಿ ನೀವು. ಆರನೇದಕ್ಕೂ ಅಂತೀರಿ ಅಂತ ಬಾಯಿಗೆ ಬಂದ್ಬಿಡ್ತು. ಓಟ ಅಷ್ಟು ಚೆನ್ನಾಗಿ ಕೂತಿತ್ತು. ನಿಲ್ಲೋ ಮನಸ್ಸಾಗಲಿಲ್ಲ."

"ಅದನ್ನ ಅವರ ಮನೇಲಿ ಹೇಳಿ."

"ಹೆಂಗೆ ಹೇಳ್ಲಿ?" ದನಿ ತಗ್ಗಿಸಿದರು. ಹೊರಗೆ ಸೀರೆ ನೋಡುತ್ತಿದ್ದವರ ಕಡೆ ಒಮ್ಮೆ ನೋಡಿದರು. "ಈಸೂರಿನ ಅರ್ಧ ಊರು ನನ್ನ ಗಿರಾಕಿ. ನಮ್ಮಪ್ಪನ ಕಾಲದಿಂದ ಮದುವೆ ಜವಳಿ ನಮ್ಮಲ್ಲೇ. ಅವನ ಕಾಲು ಮುರಿದೋನು ನಾನು ಅಂದ್ರೆ ಈ ಮೆಟ್ಟಿಲು ಯಾರು ಹತ್ತುತಾರೆ? ನೀವು ನೌಕರಿ ಮಾಡೋರು. ನಿಮ್ಮ ಸಂಬಳ ಯಾರೂ ನಿಲ್ಲಿಸಲ್ಲ. ಹೆಣ್ಮಗಳು, ಗಾಬರಿಯಲ್ಲಿ ಆಯ್ತು ಅಂತ ಜನ ಮರೆತುಬಿಡ್ತಾರೆ. ನನ್ನದಾದ್ರೆ ಮರೆಯಲ್ಲ."

ಎಷ್ಟು ಸಲೀಸಾಗಿ ಹೇಳಿದರು. ಕಲೆ ಕಾಣದ ಬಣ್ಣದ ಬಟ್ಟೆ ಯಾವುದು ಎಂದು ಗಿರಾಕಿಗೆ ತೋರಿಸುವವರ ಹಾಗೆ. ನನ್ನ ಹತ್ತು ವರ್ಷದ ಗುರು, ನನಗೆ ಶೂ ಆರಿಸಿಕೊಟ್ಟವರು, ತಪ್ಪು ಹೊರಲು ಯಾರು ಸರಿಯಾದ ಅಳತೆ ಎಂದು ಆಸ್ಪತ್ರೆಯ ಬೆಂಚಿನ ಮೇಲೇ ಲೆಕ್ಕ ಹಾಕಿದ್ದರು. ನಾನು ಫ್ಲಾಸ್ಕು ಕೊಳ್ಳಲು ಹೋಗಿದ್ದ ಅರ್ಧ ಗಂಟೆಯಲ್ಲಿ.

"ನಾನೇ ಹೇಳ್ತೀನಿ" ಎಂದೆ.

"ಹೇಳ್ರಿ. ನಾನು ಬೇಡ ಅನ್ನಲ್ಲ" ಎಂದರು. ಆಮೇಲೆ ನಿಜವಾದ ಕಾಳಜಿಯಿಂದಲೇ ಎಂಬಂತೆ, "ಅವರು ನಂಬಬೇಕಲ್ಲ" ಎಂದರು.

ಒಂದು ವಾರ ಓಡಲು ಹೋಗಲಿಲ್ಲ. ಆ ಗಳಿಗೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಓಡಿಸಿದೆನೋ. ದೀಪ ಕಂಡದ್ದು, ಉಸಿರು ಎಳೆದದ್ದು, ಕಿರುಚಿದ್ದು. ಎಳೆದ ಉಸಿರನ್ನು ಬಿಟ್ಟು ಮೊದಲೇ ಕಿರುಚಬಹುದಿತ್ತೇ? ಒಂದು ಹೆಜ್ಜೆಯ ಕಾಲ ಇತ್ತೇ? ಮೆಟ್ಟಿಲ ಮೇಲೆ ನಿಂತು ಗಡಿಯಾರ ನೋಡಿ, ತಿರುಗಿ, ಕೂಗಿ ಪರೀಕ್ಷಿಸಿದೆ. ಪಕ್ಕದ ಮನೆಯವರು ಹೊರಗೆ ಬಂದು ಏನಾಯಿತು ಎಂದು ಕೇಳಿದರು. ಎಲ್ಲರೂ ನೀನೇ ಎಂದರೆ, ನೀನಲ್ಲ ಎಂದು ಗೊತ್ತಿದ್ದರೂ ಒಳಗೆ ಎಲ್ಲೋ ಒಂದು ಮೂಲೆ ಹೌದೇನೋ ಎನ್ನತೊಡಗುತ್ತದೆ. ಅದಕ್ಕೇ ನನಗೆ ಹೆದರಿಕೆಯಾಯಿತು. ಇನ್ನೆರಡು ತಿಂಗಳು ಬಿಟ್ಟರೆ ನನ್ನ ನೆನಪೇ ಸಾವ್ಕಾರ್ರ ಕಡೆ ಸೇರಿಬಿಡುತ್ತದೆ ಎಂದು.

ಈಸೂರಣ್ಣ ಒಬ್ಬರು ನಂಬಿದರೆ ಸಾಕು ಎಂದುಕೊಂಡೆ. ಊರಿಗೆಲ್ಲ ಡಂಗುರ ಬೇಡ. ಕಾಲು ಮುರಿದುಕೊಂಡವರು, ನನ್ನ ಕೂಗನ್ನು ನಂಬಿ ಹತ್ತು ವರ್ಷ ತಿರುಗಿ ನೋಡದೆ ಓಡಿದವರು, ಅವರಿಗೆ ಗೊತ್ತಿದ್ದರೆ ಸಾಕು.

ಭಾನುವಾರ ಮಧ್ಯಾಹ್ನ ಹೋದೆ. ಹೆಂಡತಿ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಈಸೂರಣ್ಣ ಈಗ ಕುರ್ಚಿಯಲ್ಲಿ ಕೂರುತ್ತಿದ್ದರು, ಪಕ್ಕದಲ್ಲಿ ವಾಕರ್. ನಾನು ಪೀಠಿಕೆ ಹಾಕಲಿಲ್ಲ. ಅಂಗಡಿಯಲ್ಲಿ ನಡೆದದ್ದನ್ನು, ಸಾವ್ಕಾರ್ರು ಒಪ್ಪಿಕೊಂಡದ್ದನ್ನು, ಅವರ ಮಾತಿನಲ್ಲೇ ಹೇಳಿದೆ. ಹೇಳಿ ಮುಗಿಸಿ, "ನಂಬ್ತೀರಾ ಇಲ್ವಾ, ಅಷ್ಟು ಹೇಳಿ" ಎಂದೆ.

ಅವರು ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿದರು.

"ನಂಗ್ ಗೊತ್ತೈತ್ರಿ" ಎಂದರು.

"ಏನು ಗೊತ್ತು?"

"ಪ್ರತಿ ಸಲ ಹಿಂದಿಂದ ಮೊದ್ಲು ನಿಮ್ ದನಿ ಸಣ್ಣಕ್ ಕೇಳ್ತಿತ್ತು, ಆಮ್ಯಾಲೆ ಅವಂದು. ಆವತ್ತು ಅವಂದೊಂದೇ ಬಂತು. ಒಂದೇ ಬಂತಲ್ಲ ಅಂತ ಅನ್ಕಳಾ ಹೊತ್ತಿಗೆ ಕಾಲು ಹೊರಗಿಟ್ಟಿದ್ದೆ. ನೀವು ಬಂತು ಅಂದಿದ್ದೂ ಕೇಳ್ತು."

ನನಗೆ ಮೊದಲು ಸಂತೋಷವೇ ಆಯಿತು. ಕಣ್ಣಲ್ಲಿ ನೀರು ಬಂತು. ಆಮೇಲೆ ಆ ಮಾತು ಪೂರ್ತಿ ಒಳಗೆ ಇಳಿಯಿತು.

"ಹಂಗಾದ್ರೆ ಅವತ್ತು ನೆನಪಿಲ್ಲ ಅಂದ್ರಲ್ಲ? ಮನಸ್ಸಿಗೆ ಹಚ್ಕಂಡಿಲ್ಲ ಅಂತ ನನ್ನ ಕೈ ಹಿಡಿದು ಹೇಳಿದ್ರಲ್ಲ?"

"ಏನ್ ಮಾಡ್ಲಿ ಮೇಡಂ." ಅವರು ತೊಡೆಯ ಮೇಲೆ ಕೈ ಸವರಿಕೊಂಡರು. "ನಲವತ್ತು ವರ್ಷದ ಸ್ನೇಹ. ವಾರಕ್ಕೆ ಮೂರು ದಿನ ಬಂದು ಕೂಸಿನಂಗೆ ಎತ್ತಿ ಕಾರಿಗೆ ಹಾಕ್ತಾನೆ. ಒಂದ್ ದಿನಾನೂ ನನ್ ಮುಖ ನೆಟ್ಟಗೆ ನೋಡಲ್ಲ. ನಂಗ್ ಗೊತ್ತೈತಿ ಅಂತ ಅವಂಗೂ ಗೊತ್ತಿರಬೇಕು. ನಾ ಬಾಯಿ ಬಿಟ್ರೆ ಅವ ಇನ್ನ ಈ ಅಂಗಳಕ್ಕೆ ಕಾಲಿಡಲ್ಲ. ನೀವು ಹಂಗಲ್ಲ. ನಿಮ್ ಮ್ಯಾಲೆ ಹೇಳಿದ್ರೆ ನೀವು ತಡ್ಕಂತೀರಿ. ಓದ್ಕಂಡೋರು."

ತಡೆದುಕೊಳ್ಳುತ್ತೇನೆ ಎಂದು ಇಬ್ಬರೂ ನನ್ನನ್ನೇ ಆರಿಸಿದ್ದರು. ಒಬ್ಬರು ಸುಳ್ಳು ಹೇಳಿದ್ದರು, ಇನ್ನೊಬ್ಬರು ಅದು ಸುಳ್ಳೆಂದು ತಿಳಿದೂ ನನ್ನನ್ನು ಕ್ಷಮಿಸಿದ್ದರು. ಎರಡನೆಯದು ಹೆಚ್ಚು ನೋಯಿಸಿತು. ಕ್ಷಮಿಸಿದ ಕೈಯ ಬಿಸಿ ಇನ್ನೂ ನನ್ನ ಅಂಗೈಯಲ್ಲಿತ್ತು.

"ಊರಿಗೆ ಹೇಳಬೇಡಿ" ಎಂದೆ. "ಕ್ಲಬ್ಬಿನವರಿಗೂ ಬೇಡ. ನಿಮ್ಮ ಹೆಂಡತಿಗೆ ಒಬ್ಬರಿಗೆ ಹೇಳಿ. ಈಗ. ನನ್ನ ಎದುರಿಗೆ."

ಹಿತ್ತಿಲ ಬಾಗಿಲು ಸದ್ದಾಯಿತು. ಅವರ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ಕಂಡು ನಿಂತರು. ನೀರು ಬೇಕಾ ಎಂದೂ ಕೇಳಲಿಲ್ಲ. ನಾನು ಈಸೂರಣ್ಣನ ಮುಖವನ್ನೇ ನೋಡುತ್ತಿದ್ದೆ. ಒಂದು ವಾಕ್ಯ ಸಾಕಿತ್ತು. ಅವರ ತುಟಿ ಅಲುಗಿತು. ಹೆಂಡತಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ವಾಕರನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡ‍ರು.

"ಮೇಡಂ ಹೊಂಟ್ರು ನೋಡು" ಎಂದರು.

ನಾನು ಇನ್ನೂ ಕುಳಿತೇ ಇದ್ದೆ.